ಧೂಮಕೇತುವಿಗೆ ಮೂರನೇ ಸಾಕ್ಷಿ

ಮಲೆನಾಡಿನಲ್ಲಿ ಮೂಡಣ ದಿಕ್ಕು ಸಿಗುವುದು ಕಷ್ಟ. ದಿಕ್ಕು ಇರುತ್ತದೆ, ಆಕಾಶ ಇರುವುದಿಲ್ಲ. ಕೊಪ್ಪದಲ್ಲಿ ನನ್ನ ಮನೆಯ ಹಿತ್ತಲಲ್ಲಿ ನಿಂತರೆ ಎದುರಿಗೆ ಗುಡ್ಡ, ಗುಡ್ಡದ ಮೇಲೆ ಮರ. ಸೂರ್ಯ ಅದನ್ನು ದಾಟಿ ಬರುವಷ್ಟರಲ್ಲಿ ಗಂಟೆ ಎಂಟಾಗಿರುತ್ತದೆ. ಶೃಂಗೇರಿಯಲ್ಲಿ ಪಂಪುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿರುವ ನನ್ನ ಗೆಳೆಯನದ್ದೂ ಇದೇ ಪಾಡು. ಅವನಿಗೆ ಬೇಕಾದದ್ದು ಬೆಳಗಿನ ಜಾವದಲ್ಲಿ, ಸೂರ್ಯ ಹುಟ್ಟುವ ಜಾಗದ ಹತ್ತಿರ, ನೆಲಕ್ಕೆ ತಾಗಿದಂತಿರುವ ಆಕಾಶ. ಹೊಸ ಧೂಮಕೇತುವೊಂದು ನಮ್ಮಂಥವರ ಕಣ್ಣಿಗೆ ಮೊದಲು ಬೀಳುವುದಾದರೆ ಅಲ್ಲೇ. ಉಳಿದ ಆಕಾಶವನ್ನೆಲ್ಲ ಪರದೇಶದ ಬೆಟ್ಟಗಳ ಮೇಲಿನ ಯಂತ್ರಗಳು ರಾತ್ರಿಯಿಡೀ ಜಾಲಾಡುತ್ತವೆ. ಸೂರ್ಯನ ಪಕ್ಕಕ್ಕೆ ಅವು ಅಷ್ಟಾಗಿ ತಿರುಗುವುದಿಲ್ಲ.

ನಾನು ಜಮೀನು ಅಳೆಯುವವನು, ಸರ್ವೆಯರ್. ನರಸಿಂಹರಾಜಪುರ ತಾಲೂಕಿನ ಕಡಹಿನಬೈಲಿನಲ್ಲಿ ಅಣ್ಣ ತಮ್ಮಂದಿರ ಗದ್ದೆ ಪಾಲಾದಾಗ ಅಳತೆಗೆ ಹೋಗಿದ್ದೆ. ಗದ್ದೆಯ ಪಡುವಣ ತುದಿಯಲ್ಲಿ ಕಣ. ಕಣದಲ್ಲಿ ನಿಂತು ಮೂಡಣಕ್ಕೆ ನೋಡಿದರೆ ಗದ್ದೆ ಇಳಿಯುತ್ತಾ ಹೋಗಿ ಹಳ್ಳ ಸೇರುತ್ತದೆ. ಅದರಾಚೆ ಕಾಡಿದ್ದರೂ ತಗ್ಗಿನಲ್ಲಿದೆ. ಅಂದೇ ಗೆಳೆಯನಿಗೆ ಫೋನು ಮಾಡಿದೆ. "ನಿಂಗೆ ಬೇಕಾದ ಜಾಗ ಸಿಕ್ತು ಮಾರಾಯ" ಎಂದೆ.

ಮೂರು ಚಳಿಗಾಲ ನಾವು ಆ ಕಣಕ್ಕೆ ಹೋದೆವು. ಗೆಳೆಯ ಹಿಂದಿನ ಸಂಜೆ ಸ್ಕೂಟರಿನಲ್ಲಿ ಕೊಪ್ಪಕ್ಕೆ ಬಂದು ನಮ್ಮ ಮನೆಯಲ್ಲಿ ಮಲಗುತ್ತಿದ್ದ. ಮೂರೂವರೆಗೆ ನನ್ನ ಕಾರಿನಲ್ಲಿ ಹೊರಡುತ್ತಿದ್ದೆವು. ದೂರದರ್ಶಕ ಅವನೇ ಮಾಡಿಕೊಂಡದ್ದು. ಅದರ ಗಾಜನ್ನು ಎರಡು ಮಳೆಗಾಲ, ಅಂಗಡಿಯ ಹಿಂದೆ, ಹಳೆಯ ಡ್ರಮ್ಮಿನ ಮೇಲಿಟ್ಟು ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿದ್ದ. ಅದಕ್ಕೆ ಮೋಟರು ಇಲ್ಲ. ಭೂಮಿ ತಿರುಗಿದಂತೆ ನಕ್ಷತ್ರಗಳು ಸರಿದು ಹೋಗುತ್ತವೆ, ಕೊಳವೆಯನ್ನು ಬೆರಳ ತುದಿಯಿಂದ ತಳ್ಳುತ್ತಿರಬೇಕು. ಅವನು ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಗುಡಿಸುವಂತೆ ನೋಡುತ್ತಿದ್ದ. ನಾನು ಪಕ್ಕದಲ್ಲಿ ನಕ್ಷೆ ಹಿಡಿದು, ಗಂಟೆ ಮತ್ತು ಜಾಗ ಬರೆದುಕೊಳ್ಳುತ್ತಿದ್ದೆ. ಧೂಮಕೇತು ಎಂದರೆ ಬಾಲವಿರುವುದೆಂದು ಜನ ತಿಳಿದಿದ್ದಾರೆ. ಹೊಸತಾಗಿ ಸಿಗುವುದು ಹಾಗಿರುವುದಿಲ್ಲ. ಒದ್ದೆ ಗಾಜಿನ ಮೇಲೆ ಬೆರಳು ತಾಗಿದಷ್ಟು ಮಸುಕು, ಅಷ್ಟೆ. ನಕ್ಷೆಯಲ್ಲಿ ಇಲ್ಲದ ಮಸುಕಾಗಿರಬೇಕು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಜಾಗ ಬದಲಿಸಿರಬೇಕು. ಹನ್ನೊಂದು ವರ್ಷದಲ್ಲಿ ಅವನಿಗೆ ಅಂಥದ್ದು ಒಂದೂ ಸಿಕ್ಕಿರಲಿಲ್ಲ.

ಆ ಗದ್ದೆಯನ್ನು ಕಾಯಲು ಗಂಡ ಹೆಂಡತಿ ಇಬ್ಬರಿದ್ದರು. ತೋಟದ ಕೆಲಸಕ್ಕೆ ಕೂಲಿಗೆ ಹೋಗುವವರು. ತೆನೆ ಹಣ್ಣಾದ ಮೇಲೆ ಕೊಯ್ಲಿನವರೆಗೆ ರಾತ್ರಿ ಕಾವಲು. ಕಂಬಗಳ ಮೇಲೆ ಹುಲ್ಲು ಹೊದಿಸಿ ಕಟ್ಟಿದ ಗುಡಿಸಲಿಗೆ ಅಲ್ಲಿ ಮಾಳ ಎನ್ನುತ್ತಾರೆ. ಗಂಡನ ಮಾಳ ಗದ್ದೆಯ ತೆಂಕಣ ಅಂಚಿನಲ್ಲಿ, ಕಣಕ್ಕೆ ನೂರಿಪ್ಪತ್ತು ಹೆಜ್ಜೆ. ಹೆಂಡತಿಯದು ಕೆಳಗೆ, ಹಳ್ಳದ ಬದಿಗೆ. ಮೊದಲೆಲ್ಲ ಹಂದಿ ಕಾಯಲು ಒಬ್ಬರೇ ಸಾಕಿತ್ತು. ಆನೆ ಬರಲು ಶುರುವಾದ ಮೇಲೆ ಎರಡು ಮಾಳ ಆದವು.

ಅವರ ನಡುವೆ ಒಂದು ರೂಢಿ ಇತ್ತು. ಒಂದು ಎಲೆ ಅಡಿಕೆ ಹಾಕಿ ಉಗಿಯುವಷ್ಟು ಹೊತ್ತಿಗೊಮ್ಮೆ ಒಬ್ಬರು ಉದ್ದಕ್ಕೆ 'ಕೂ' ಎನ್ನುತ್ತಾರೆ. ಇನ್ನೊಬ್ಬರು ಕೂಡಲೇ ಓಗೊಡಬೇಕು. ಓಗೊಟ್ಟರೆ ಎಲ್ಲ ಸರಿ ಇದೆ ಎಂದು. ಮತ್ತೆ ಮತ್ತೆ ಕರೆದರೂ ಓಗೊಡದಿದ್ದರೆ ಕರೆದವರು ಮಾಳ ಇಳಿದು ನೋಡಲು ಹೋಗಬೇಕು.

ನಮ್ಮದೂ ಒಂದು ರೂಢಿ ಇತ್ತು. ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆ ಬೇಕು; ಒಂದು ಸಲ ಟಾರ್ಚ್ ಕಣ್ಣಿಗೆ ಹೊಡೆದರೆ ಆ ಅರ್ಧ ಗಂಟೆ ಹೋಯಿತು. ಹಾಗಾಗಿ ನಮ್ಮ ಟಾರ್ಚಿಗೆ ಕೆಂಪು ಕಾಗದ ಸುತ್ತಿರುತ್ತಿದ್ದೆವು. ಮೂರನೇ ಚಳಿಗಾಲ ಮೊದಲ ಸಲ ನೋಡಲು ಹೋಗುವ ಹಿಂದಿನ ಸಂಜೆ ನಾನೇ ಹೋಗಿ ಇಬ್ಬರಿಗೂ ಹೇಳಿದ್ದೆ: "ಕಣದಲ್ಲಿ ಕೆಂಪು ಲೈಟು ಕಂಡ್ರೆ ನಾವು ನೋಡ್ತಾ ಇದೀವಿ ಅಂತ ಅರ್ಥ. ಆಗ ಟಾರ್ಚ್ ಹಾಕ್ಬೇಡಿ, ಈ ಕಡೆ ಬರಬೇಡಿ. ಬೆಳಗಿನ ಒಂದು ಗಂಟೆ ಮಾತ್ರ."

ಹೆಂಡತಿ ನಕ್ಕಿದ್ದಳು. "ಆನೆಗೂ ಹೇಳಿ ಸಾರ್, ಒಂದು ಗಂಟೆ ಮಾತ್ರ ಅಂತ."

ನಾನೂ ನಕ್ಕೆ.

ಅದು ನವೆಂಬರ್ ಕೊನೆಯ ವಾರ. ಮಂಜು ಇರಲಿಲ್ಲ. ಐದು ಗಂಟೆಗೆ ಎರಡು ನಿಮಿಷ ಇರುವಾಗ ಗೆಳೆಯ ಗುಡಿಸುವುದನ್ನು ಬಿಟ್ಟು ಒಂದೇ ಜಾಗ ನೋಡತೊಡಗಿದ. "ನೋಡು" ಎಂದ. ನಾನು ನೋಡಿದೆ. ಎರಡು ನಕ್ಷತ್ರಗಳ ಬಲಕ್ಕೆ ಏನೋ ಇದ್ದಂತಿತ್ತು, ಇಲ್ಲದಂತೆಯೂ ಇತ್ತು. ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದು ನನ್ನ ಕಸುಬಿನ ಚಟದಿಂದ. ಗಡಿ ಅಳೆದು ಮಹಜರು ಬರೆಯುವಾಗ ಅದರಲ್ಲಿ ಲಾಭವಿಲ್ಲದವನೊಬ್ಬ ಸಾಕ್ಷಿ ಬೇಕು. ಅಣ್ಣನೂ ತಮ್ಮನೂ ತಮಗೆ ಬೇಕಾದದ್ದನ್ನೇ ಕಾಣುತ್ತಾರೆ. ನಾವಿಬ್ಬರೂ ಹಾಗೆಯೇ ಎಂದು ನನಗೆ ಅನ್ನಿಸಿತು. ಹನ್ನೊಂದು ವರ್ಷ ಕಾದವನ ಕಣ್ಣಿಗೆ ಏನು ಬೇಕಾದರೂ ಕಂಡೀತು.

"ಮೂರನೆಯವ್ರು ನೋಡ್ಲಿ" ಎಂದೆ. "ಎಂತ ಇದೆ ಅಂತ ಅವ್ರಿಗೆ ಹೇಳೋದು ಬೇಡ."

"ಇಷ್ಟು ಹೊತ್ತಿಗೆ ಯಾರನ್ನ ಕರೀತಿ ಮಾರಾಯ?"

ನಾನು ಕೆಂಪು ಟಾರ್ಚ್ ಹಿಡಿದು ಅಂಚಿನ ಮೇಲೆ ನಡೆದು ಹೋಗಿ ಗಂಡನನ್ನು ಮಾಳದಿಂದ ಇಳಿಸಿಕೊಂಡು ಬಂದೆ. ಕತ್ತಲಲ್ಲಿ ಹಂದಿಯ ಬೆನ್ನು ಗುರುತು ಹಿಡಿಯುವ ಕಣ್ಣು ಅವನದು. ನಮ್ಮಿಬ್ಬರಿಗಿಂತ ಚೆನ್ನಾಗಿ ಕಾಣುತ್ತದೆ ಎಂದು ಹಿಂದಿನ ವರ್ಷವೇ ನೋಡಿದ್ದೆವು. ಹೆಂಡತಿಗೆ ಹೇಳಿ ಬರಲಿಲ್ಲ. ಐದು ನಿಮಿಷದ ಕೆಲಸ ಎಂದುಕೊಂಡೆವು.

ಅವನು ಬಗ್ಗಿ ಕಣ್ಣಿಟ್ಟ. "ಉಸಿರು ಗಾಜಿಗೆ ತಾಗಬಾರದು. ಅಲ್ಲಾಡಬೇಡಿ, ಮಾತಾಡಬೇಡಿ" ಎಂದೆ. ಗೆಳೆಯ ಕೊಳವೆಯನ್ನು ಮೆಲ್ಲಗೆ ತಳ್ಳುತ್ತಾ ನಿಂತ.

ಆಗ ಕೆಳಗಿನ ಮಾಳದಿಂದ 'ಕೂ' ಬಂತು.

ಅವನ ಬೆನ್ನು ಎದ್ದಿತು. ನಾನು ಅವನ ಹೆಗಲ ಮೇಲೆ ಕೈ ಇಟ್ಟು ಒತ್ತಿದೆ. "ಒಂದು ನಿಮಿಷ" ಎಂದೆ. ಎರಡನೆಯದು ಬಂತು. ಅವನು ಅಲ್ಲಾಡಲಿಲ್ಲ, ನನ್ನ ಕೈ ಅಲ್ಲೇ ಇತ್ತು. ಮೂರನೆಯದು ಬಂದಾಗ ಅವನ ಹೆಗಲು ಗಟ್ಟಿಯಾದದ್ದು ನನ್ನ ಕೈಗೆ ಗೊತ್ತಾಯಿತು. ಆಮೇಲೆ ಅವನು, ಕಣ್ಣು ತೆಗೆಯದೆಯೇ, ಪಿಸುಮಾತಿನಲ್ಲಿ ಹೇಳಿದ: "ಐತೆ ಸಾರ್. ಎರಡು ಚುಕ್ಕಿ ಐತಲ್ಲ, ಬಲಗಡೆ. ಬೂದಿ ಊದಿದ ಹಂಗೆ."

ಗೆಳೆಯ ನನ್ನ ತೋಳನ್ನು ಎಷ್ಟು ಗಟ್ಟಿ ಹಿಡಿದನೆಂದರೆ ನೋವಾಯಿತು. ಐದು ಗಂಟೆ ಹದಿನಾಲ್ಕು ನಿಮಿಷ ಎಂದು ಬರೆದುಕೊಂಡೆ. ನಕ್ಷೆಯಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟೆ. ನಾವಿಬ್ಬರೂ ನಕ್ಷೆಯ ಮೇಲೆ ಬಗ್ಗಿ ಎಷ್ಟು ಹೊತ್ತು ಪಿಸುಗುಟ್ಟಿದೆವೋ ಗೊತ್ತಿಲ್ಲ.

"ಸುಮ್ನಿರಿ" ಎಂದ ಗಂಡ.

ಗದ್ದೆಯ ನಡುವಿನಿಂದ ಸದ್ದು ಬರುತ್ತಿತ್ತು. ಪೈರನ್ನು ಹಿಡಿ ಹಿಡಿಯಾಗಿ ಕೀಳುವ ಸದ್ದು, ಆಮೇಲೆ ಬೇರಿನ ಮಣ್ಣು ಉದುರಿಸಲು ಅದನ್ನು ಕಾಲಿಗೆ ಬಡಿಯುವ ಸದ್ದು. ನಿಧಾನ. ಅವಸರವಿಲ್ಲದ ಕೆಲಸ. ನಮ್ಮಿಂದ ಐವತ್ತು ಹೆಜ್ಜೆಯೂ ಇರಲಾರದು. ಆ ಹಳ್ಳಿಯಲ್ಲಿ ಯಾರಿಗೂ ಅದೇನೆಂದು ಹೇಳಬೇಕಾಗಿಲ್ಲ.

ಅದರಾಚೆಯಿಂದ, ತೀರ ಆಚೆಯಿಂದಲ್ಲ, ಹೆಂಡತಿಯ ದನಿ ಕೇಳಿತು. ಕೂಗಲ್ಲ, ಮಾತು. "ಹೋಯ್, ಎಲ್ಲಿದೀಯ?"

ಬಡಿಯುವ ಸದ್ದು ನಿಂತುಹೋಯಿತು.

ಅವಳು ಮಾಳ ಇಳಿದು ನಡುಗದ್ದೆಯ ಬದುವಿನ ಮೇಲೆ ಬರುತ್ತಿದ್ದಳು. ಅವಳ ಕೈಯಲ್ಲಿ ಟಾರ್ಚ್ ಇದ್ದೇ ಇರುತ್ತಿತ್ತು. ಹಾಕಿರಲಿಲ್ಲ. ಹಾಕಬೇಡಿ ಎಂದವನು ನಾನು. ಗಂಡ ಬಾಯಿ ತೆರೆದದ್ದು ನನಗೆ ಕಂಡಿತು, ಅಥವಾ ಕಂಡಂತಾಯಿತು. ಅವನು ಓಗೊಟ್ಟರೆ ಅವಳು ದನಿ ಬಂದ ಕಡೆಗೆ ನಡೆದು ಬರುತ್ತಾಳೆ. ನಡುವೆ ಅದು ನಿಂತಿದೆ. ಓಗೊಡದಿದ್ದರೆ ಹುಡುಕುತ್ತಾ ಬರುತ್ತಾಳೆ. ಅವನು ಬಾಯಿ ಮುಚ್ಚಿದ. ನನ್ನ ಕಡೆ ಕೈ ಚಾಚಿದ.

"ಆ ಕೆಂಪು ಲೈಟು."

ಕೊಟ್ಟೆ. ಅವನು ಅದನ್ನು ತಲೆಯ ಮೇಲೆ ಎತ್ತಿ ಹಿಡಿದ, ಆಡಿಸದೆ. ಆನೆಯ ಮೇಲೆ ಬೀಳುವಷ್ಟು ಬೆಳಕು ಅದರಲ್ಲಿ ಇರಲಿಲ್ಲ. ಈ ಕಡೆ ಬರಬೇಡಿ ಎಂದು ನಾನು ನಮ್ಮ ಅನುಕೂಲಕ್ಕೆ ಮಾಡಿದ ಗುರುತು ಅದು. ಅವಳು ಅದನ್ನು ನೋಡಿದಳೋ, ನೋಡಿ ನಿಂತಳೋ ತಿಳಿಯುವ ದಾರಿ ನಮಗಿರಲಿಲ್ಲ. ಮತ್ತೆ ದನಿ ಬರಲಿಲ್ಲ. ದನಿ ಬಾರದಿರುವುದಕ್ಕೆ ಎರಡು ಕಾರಣ ಇರಬಹುದಿತ್ತು. ನಾನು ಎರಡನ್ನೂ ಯೋಚಿಸಿದೆ.

ಸ್ವಲ್ಪ ಹೊತ್ತಿಗೆ ಕೀಳುವ ಸದ್ದು ಮತ್ತೆ ಶುರುವಾಯಿತು. ಅದೇ ಜಾಗದಲ್ಲಿ.

ಬೆಳಕಾಗುವುದನ್ನು ಕಾಯುವುದೊಂದೇ ಉಳಿದಿತ್ತು. ಬೆಳಗಿನ ಜಾವ ಆಕಾಶ ನೋಡುವವರಿಗೆ ಬೆಳಕು ವೈರಿ. ಇನ್ನು ಹತ್ತು ನಿಮಿಷ ತಡವಾಗಿ ಬರಬಾರದೇ ಎಂದು ಮೂರು ಚಳಿಗಾಲ ಮೂಡಣವನ್ನು ಬೈದಿದ್ದೆವು. ಅಂದು ನಾನು ಹಳ್ಳದ ಮೇಲಿನ ಆ ಆಕಾಶವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅದು ಬೆಳ್ಳಗಾಗುತ್ತಿಲ್ಲ ಎಂದೇ ಅನ್ನಿಸುತ್ತಿತ್ತು. ಕೊಳವೆಯನ್ನು ಯಾರೂ ಮುಟ್ಟಲಿಲ್ಲ. ಆ ಮಸುಕು ಎಂದೋ ಸರಿದು ಹೋಗಿತ್ತು. ಗೆಳೆಯ ಅತ್ತ ತಿರುಗಿಯೂ ನೋಡಲಿಲ್ಲ. ಗಂಡ ಎತ್ತಿದ ಕೈಯನ್ನು ಇಳಿಸಲಿಲ್ಲ. ಸೋತಾಗ ಇನ್ನೊಂದು ಕೈಯಿಂದ ಮೊಣಕೈಯನ್ನು ಹಿಡಿದುಕೊಂಡ. ಸಣ್ಣ ನಕ್ಷತ್ರಗಳು ಹೋದವು, ಆಮೇಲೆ ದೊಡ್ಡವು.

ಐದೂ ಐವತ್ತಕ್ಕೆ ಗದ್ದೆಯ ನಡುವೆ ಕಪ್ಪಾದ ಒಂದು ಆಕಾರ ಕಂಡಿತು. ಒಂಟಿ ಆನೆ. ಐವತ್ತೈದಕ್ಕೆ ಅವಳು ಕಂಡಳು. ಬದುವಿನ ಮೇಲೆ, ಕಂಬಳಿಯನ್ನು ತಲೆಯ ಮೇಲೆಳೆದುಕೊಂಡು, ಮೊಣಕಾಲು ಕಟ್ಟಿ ಕುಳಿತಿದ್ದಳು. ದೂರದಿಂದ ಮಣ್ಣಿನ ಗುಪ್ಪೆ. ಆನೆಗೂ ಅವಳಿಗೂ ನಡುವಿನ ಅಂತರವನ್ನು ನಾನು ಆಮೇಲೆ ಅಳೆದೆ. ಹದಿನಾರು ಹೆಜ್ಜೆ.

ಆರು ಗಂಟೆ ದಾಟಿದ ಮೇಲೆ ಆನೆ ತಾನಾಗಿ ತಿರುಗಿ, ಹಳ್ಳ ಇಳಿದು, ಆಚೆ ದಂಡೆ ಹತ್ತಿ ಕಾಡು ಸೇರಿತು. ಅವಳು ಇನ್ನೂ ಸ್ವಲ್ಪ ಹೊತ್ತು ಕುಳಿತೇ ಇದ್ದಳು. ಆಮೇಲೆ ಎದ್ದು, ಕಾಲು ಜೋಮು ಹಿಡಿದವರ ಹಾಗೆ ನಡೆದು ಬಂದಳು. ಗಂಡ ಕಣದಿಂದ ಇಳಿದು ಎದುರು ಹೋದ. ನಾವೂ ಹಿಂದೆ ಹೋದೆವು.

"ಕೂ ಹಾಕಿದ್ದು ಕೇಳ್ಲಿಲ್ವ ನಿಂಗೆ?"

"ಕೇಳ್ತು."

"ಮತ್ತೆ? ಬಾಯಿಗೆ ಎಂತ ಆಗಿತ್ತು?"

ಅವನು ನನ್ನ ಕಡೆ ನೋಡಲಿಲ್ಲ. "ನಕ್ಷತ್ರ ನೋಡ್ತಿದ್ದೆ" ಎಂದ.

"ಹುಟ್ಟಿದಾಗಿಂದ ತಲೆ ಮೇಲೆ ಇದ್ದದ್ದು. ಇವತ್ತೇ ನೋಡ್ಬೇಕಿತ್ತಾ ಮಾರಾಯ?"

ಮಾತಾಡಬೇಡಿ ಎಂದದ್ದು ನಾನು, ಹೆಗಲು ಒತ್ತಿ ಹಿಡಿದದ್ದೂ ನಾನು ಎಂದು ಆಗ ಹೇಳಬೇಕಿತ್ತು. ಹೇಳಲಿಲ್ಲ. ಅವಳು ಅವನನ್ನು ಬೈಯುತ್ತಾ ಹೋದಳು, ನಾನು ಕೇಳುತ್ತಾ ನಿಂತೆ.

ಆ ಮಸುಕು ಧೂಮಕೇತು ಆಗಿರಲಿಲ್ಲ. ನಾಲ್ಕು ದಿನ ಬಿಟ್ಟು ಗೆಳೆಯ ಶೃಂಗೇರಿಯಲ್ಲೇ ಒಂದು ಲಾಡ್ಜಿನ ತಾರಸಿ ಹತ್ತಿ ನೋಡಿದ; ಅಲ್ಲಿ ಅದು ಗುಡ್ಡ ದಾಟಿ ಮೇಲೆ ಬರುವುದನ್ನು ಕಾಯಬೇಕಾಯಿತು. ಅದೇ ಎರಡು ನಕ್ಷತ್ರಗಳ ಬಲಕ್ಕೆ, ಅದೇ ಜಾಗದಲ್ಲಿ ಇತ್ತು. ಕೂದಲೆಳೆಯಷ್ಟೂ ಸರಿದಿರಲಿಲ್ಲ. ಇನ್ನೂ ವಿವರವಾದ ನಕ್ಷೆಯಲ್ಲಿ ಹುಡುಕಿದಾಗ ಬಹು ದೂರದ ಗ್ಯಾಲಕ್ಸಿ ಎಂದು ಸಿಕ್ಕಿತು. ನಮ್ಮ ನಕ್ಷೆ ಸಾಲದಾಗಿತ್ತು. ಫೋನಿನಲ್ಲಿ ಅವನು ಅದನ್ನು ಹೇಳಿದ ದನಿಯಲ್ಲಿ ಬೇಸರವೇ ಇರಲಿಲ್ಲ. "ಆ ಹೆಂಗಸು ಹೇಗಿದ್ದಾರೆ?" ಎಂದು ಕೇಳಿದ.

ನನಗೆ ನಿದ್ದೆ ಬರುತ್ತಿರಲಿಲ್ಲ. ಒಂದು ವಾರದ ಮೇಲೆ ನನಗೆ ಗೊತ್ತಿರುವ ಕೆಲಸ ಮಾಡಿದೆ. ಆ ಬೆಳಗಿನದನ್ನು ಮಹಜರಿನಂತೆ ಬರೆದೆ: ಯಾರು ಎಲ್ಲಿ ನಿಂತಿದ್ದರು, ಗಂಟೆ ಎಷ್ಟು, ಎಷ್ಟು ಹೆಜ್ಜೆ. 'ಮೂರು ಸಲ ಕೂ ಕೇಳಿತು. ಓಗೊಡಲು ಆತ ಎದ್ದಾಗ ನಾನು ಹೆಗಲು ಒತ್ತಿ ತಡೆದೆ' ಎಂದೂ ಬರೆದೆ. ಮಹಜರು ಬರೆದ ಮೇಲೆ ಅದನ್ನು ಸಂಬಂಧಪಟ್ಟವರಿಗೆ ಓದಿ ಹೇಳಬೇಕು. ಒಂದು ಮಧ್ಯಾಹ್ನ ಕಡಹಿನಬೈಲಿಗೆ ಹೋದೆ. ಕೊಯ್ಲು ನಡೆಯುತ್ತಿತ್ತು. ಇಬ್ಬರೂ ಊಟಕ್ಕೆ ಕಣದ ಬದಿಯ ನೆರಳಿನಲ್ಲಿ ಕುಳಿತಿದ್ದರು. ನಿಂತುಕೊಂಡೇ ಓದಿದೆ. ಹೆಗಲಿನ ಮಾತು ಬಂದಾಗ ಗಂಡ ತಟ್ಟೆಯನ್ನೇ ನೋಡುತ್ತಿದ್ದ.

ಅವಳು ಕೈ ತೊಳೆದುಕೊಂಡಳು. ಕೋಪ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

"ಮೂರಲ್ಲ ಸಾರ್" ಎಂದಳು. "ನಾಕು."

"ನಾಲ್ಕು?"

"ನಾಕ್ನೇದು ಕೆಳಗಿಳಿದ್ಮೇಲೆ ಹಾಕಿದ್ದು. ಆನೆ ವಾಸನೆ ಬಂತು, ಅದಕ್ಕೇ ಜೋರಾಗೇ ಹಾಕಿದ್ದೆ."

ಗಂಡನನ್ನು ನೋಡಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಅವನಿಗೂ ಕೇಳಿರಲಿಲ್ಲ, ಗೆಳೆಯನನ್ನು ಆಮೇಲೆ ಕೇಳಿದೆ, ಅವನಿಗೂ ಇಲ್ಲ. ನಾವಿಬ್ಬರೂ ನಕ್ಷೆಯ ಮೇಲೆ ಬಗ್ಗಿದ್ದ ಹೊತ್ತು ಅದು. ಇನ್ನು ಗಂಡ, ಬೂದಿಯಂತಿದ್ದುದನ್ನು ಇನ್ನೊಮ್ಮೆ ನೋಡುತ್ತಿದ್ದ.

ಕಿಸೆಯಿಂದ ಪೆನ್ನು ತೆಗೆದೆ. ಮೂರನ್ನು ಹೊಡೆದು ಹಾಕಿ ಮೇಲೆ ನಾಲ್ಕು ಎಂದು ಬರೆದೆ. ತಿದ್ದಿದಲ್ಲಿ ಸಹಿ ಹಾಕುವುದು ಕ್ರಮ. ಹಾಕಿದೆ. ಅವಳು ಅದನ್ನು ನೋಡುತ್ತಾ ಕುಳಿತಿದ್ದಳು.