ಮಗಳ ಅಂಕಪಟ್ಟಿಯ ಕೊನೆಯ ಸಾಲು

ಇವತ್ತು ಮ್ಯೂನಿಕ್‌ನಲ್ಲಿ ಒಬ್ಬ ಅನುವಾದಕಿಯ ಜೊತೆ ವಾದ ಮಾಡಿ ಸೋತು ಬಂದೆ ಕಣ್ರೀ. ಬೇಸಿಗೆ ಕಳೆದರೆ ನಾವು ಅಮೆರಿಕದಲ್ಲಿರುತ್ತೇವೆ. ಮಗಳು ಅನಘಾಳನ್ನು ಯಾವ ಗಣಿತದ ತರಗತಿಗೆ ಹಾಕಬೇಕೆಂದು ಅಲ್ಲಿನ ಹೈಸ್ಕೂಲಿನವರು ಇಲ್ಲಿನ ಅಂಕಪಟ್ಟಿ ನೋಡಿಯೇ ತೀರ್ಮಾನಿಸುತ್ತಾರಂತೆ. ಅದಕ್ಕೇ ಈ ಇಂಗ್ಲಿಷ್ ಅನುವಾದ, ಮೊಹರು ಸಮೇತ.

ಲಿಖಿತ ಪರೀಕ್ಷೆಯಲ್ಲಿ ಅವಳು ತರಗತಿಗೇ ಮುಂದು. ಆದರೆ ಈ ದೇಶದಲ್ಲಿ ಕ್ಲಾಸಿನಲ್ಲಿ ಮಾತಾಡುವುದಕ್ಕೂ ಅಂಕವಿದೆ. ಅಲ್ಲಿ ಕಳೆದುಕೊಂಡದ್ದು ಒಟ್ಟು ಅಂಕವನ್ನೂ ಕೆಳಗೆಳೆದಿದೆ. ಕೊನೆಗೊಂದು ಷರಾ ಬೇರೆ: "ತಾನಾಗಿ ಎಂದೂ ಮಾತನಾಡುವುದಿಲ್ಲ."

"ಅದನ್ನ 'ಶಿಸ್ತಿನ ಹುಡುಗಿ' ಅಂತ ಬರೀಬಹುದಲ್ವಾ?" ಎಂದು ಕೇಳಿದೆ.

"ಇದರಲ್ಲಿ ಇರುವುದನ್ನಷ್ಟೇ ನಾನು ಬರೆಯುವುದು" ಎಂದರು ಅನುವಾದಕಿ. ನನ್ನ ಪಕ್ಕದಲ್ಲಿ ಕೂತಿದ್ದ ಮಗಳ ಕಡೆ ತಿರುಗಿ, "ಉತ್ತರ ಗೊತ್ತಿದ್ದೂ ಕೈ ಯಾಕೆ ಎತ್ತಲಿಲ್ಲ?" ಎಂದರು.

ಅನಘಾ ನನ್ನ ಮುಖ ನೋಡಿದಳು. ಮನೆಯಲ್ಲೂ ಜರ್ಮನ್ ಮಾತಾಡುವ ಹುಡುಗಿ ಕನ್ನಡದಲ್ಲೇ ಹೇಳಿದಳು: "ಅಮ್ಮಾ, ನೀನೇ ಅಲ್ವಾ ಹೇಳಿದ್ದು, ದೊಡ್ಡೋರ ಮಧ್ಯೆ ಬಾಯಿ ಹಾಕ್ಬಾರ್ದು, ಕೇಳಿದ್ರೆ ಮಾತ್ರ ಹೇಳ್ಬೇಕು ಅಂತ?"

ಹೌದು, ಅವಳ ಒಂದನೇ ಕ್ಲಾಸಿನ ಮೊದಲ ದಿನ ಜಡೆ ಹಾಕುತ್ತಾ ಹೇಳಿದ್ದೆ. ಮೈಸೂರಿನಲ್ಲಿ ನಮ್ಮಮ್ಮ ನನಗೆ ಹೇಳಿದ್ದೂ ಅದನ್ನೇ. ಅಲ್ಲಿ ಅದರಿಂದ ನನಗೆ ಒಳ್ಳೆಯ ಹುಡುಗಿ ಎಂಬ ಹೆಸರು ಬಂದಿತ್ತು.

ಮೊಹರು ಬಿತ್ತು. ಷರಾ ಹಾಗೇ ಉಳಿಯಿತು.

ವಾಪಸು ಬರುವಾಗ ಯು-ಬಾನ್ ಮೆಟ್ರೋ ರೈಲಿನಲ್ಲಿ, ಅಮೆರಿಕದಲ್ಲಾದರೂ ಧೈರ್ಯವಾಗಿ ಬಾಯಿಬಿಟ್ಟು ಮಾತಾಡಬೇಕು ಎಂದು ನಮ್ಮ ಸ್ಟೇಷನ್ ಬರುವವರೆಗೂ ಅವಳಿಗೆ ಬುದ್ಧಿ ಹೇಳಿದೆ. ಅವಳು ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ.