ಶ್ರಾವಣ ಶನಿವಾರ ರೇಸಿಗೆ ಹೋದದ್ದು

ಶುಕ್ರವಾರ ಬೆಳಗಿನ ಜಾವ ಕೋಗಿಲಿನಿಂದ ಹೊರಟೆವು. ವಾಹನ ಮುನಿರಾಜಣ್ಣನ ಹಳೆಯ ಓಮ್ನಿ. ರೇಸ್ ಓಡಿಸುವವನು ಓಮ್ನಿಯಲ್ಲಿ ರೇಸಿಗೆ ಹೋಗುತ್ತಾನೆಂದು ನಮ್ಮ ಬೀದಿಯವರು ಈಗಲೂ ನಗುತ್ತಾರೆ. ನಗಲಿ. ನಾನು ಓಡಿಸುವ ಕಾರು ನನ್ನದಲ್ಲ. ಆರ್.ಟಿ. ನಗರದ ಯಜಮಾನರೊಬ್ಬರ ತಂಡದ್ದು. ಅದು ಹಿಂದಿನ ದಿನವೇ ಲಾರಿ ಹತ್ತಿ ಚೆನ್ನೈ ಹೊರಗಿನ ಟ್ರ್ಯಾಕಿಗೆ ಹೋಗಿತ್ತು. ಮುನಿರಾಜಣ್ಣ ಆ ತಂಡದ ಮೆಕ್ಯಾನಿಕ್, ರಾಜಾನುಕುಂಟೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು.

ಯಜಮಾನರು ಹಿಂದಿನ ವಾರವೇ ಕರೆದು ಹೇಳಿದ್ದರು. "ನೋಡಪ್ಪ, ಈ ಸಲ ಮೊದಲ ಮೂರರೊಳಗೆ ಬಂದ್ರೆ ಮುಂದಿನ ವರ್ಷಾನೂ ಸೀಟು ನಿಂದೇ. ಇಲ್ಲಾಂದ್ರೆ ಇನ್ನೊಬ್ಬ ಹುಡುಗ ಕಾಯ್ತಿದಾನೆ. ಅವರಪ್ಪನೇ ಎಲ್ಲಾ ಖರ್ಚು ಹಾಕ್ತಾರಂತೆ." ನಮ್ಮಪ್ಪ ಬಿಎಂಟಿಸಿ ಬಸ್ಸು ಓಡಿಸಿ ನಿವೃತ್ತನಾದವನು. ಅವನು ಹಾಕಬಹುದಾದದ್ದನ್ನೆಲ್ಲ ಹಾಕಿ ಆಗಿತ್ತು. ಈ ಸೀಟು ಹೋದರೆ ನನಗೆ ಬೇರೆ ಸೀಟಿಲ್ಲ.

ಹೊರಡುವಾಗ ಗೇಟಿನ ಹತ್ತಿರ ಅಮ್ಮ ಓಮ್ನಿಯೊಳಗೆ ತಲೆ ತೂರಿಸಿದಳು. ಮಾರನೆಯ ದಿನ ಶ್ರಾವಣದ ಮೊದಲ ಶನಿವಾರ. ನಮ್ಮ ಮನೆದೇವರು ತಿಮ್ಮಪ್ಪ. ಅವತ್ತು ಗಂಡಸರು ನಾಮ ಹಾಕಿಕೊಂಡು, ಚೊಂಬು ಹಿಡಿದು, ಗೋವಿಂದ ಎನ್ನುತ್ತ ನಾಲ್ಕು ಮನೆಯಲ್ಲಿ ಪಡಿ ಬೇಡಿ, ಬಂದ ಅಕ್ಕಿಯಲ್ಲಿ ಅನ್ನ ಮಾಡಿ ದೇವರಿಗೆ ಎಡೆಯಿಟ್ಟ ಮೇಲೆಯೇ ಉಣ್ಣಬೇಕು.

"ಪಡಿಗೆ ಹೋಗೋಕಂತೂ ಆಗಲ್ಲ. ಉಪವಾಸನಾದ್ರೂ ಇರು ಕಣೋ. ನಿನ್ ಸೀಟು ಉಳೀಲಿ ಅಂತ ಹರಕೆ ಹೊತ್ತಿದೀನಿ" ಅಂದಳು.

"ನಾನೂ ಇರ್ತೀನಿ ಬುಡಕ್ಕ, ಜೊತೆಗಿರ್ಲಿ" ಎಂದು ಮುನಿರಾಜಣ್ಣ ಗಾಡಿ ಎತ್ತಿದ.

ಹೆಬ್ಬಾಳದ ಮೇಲ್ಸೇತುವೆ ಆ ಹೊತ್ತಿಗೆ ಖಾಲಿ. ಹೊಸೂರು ದಾಟುವಷ್ಟರಲ್ಲಿ ಬಿಸಿಲು ಏರಿತು. ಆಂಬೂರಿನಲ್ಲಿ ರಸ್ತೆಯ ಎರಡೂ ಬದಿಗೆ ಬಿರಿಯಾನಿ ಹೋಟೆಲುಗಳು. "ಸ್ರಾವಣ ಕಣೋ, ಗಾಜು ಏರ್ಸು, ಆ ವಾಸ್ನೆ ಬ್ಯಾಡ" ಅಂದ ಮುನಿರಾಜಣ್ಣ. ಓಮ್ನಿಯಲ್ಲಿ ಏಸಿ ಇಲ್ಲ. ಊರು ಮುಗಿಯುವವರೆಗೆ ಇಬ್ಬರೂ ಬೆವರಿನಲ್ಲಿ ಬೆಂದೆವು. ವೆಲ್ಲೂರಿನಲ್ಲಿ ಪೊಂಗಲ್, ವಡೆ, ಮೇಲೆ ಎರಡು ದೋಸೆ ತಿಂದೆ. ಮರುದಿನದ್ದನ್ನೂ ಇವತ್ತೇ ತಿಂದುಬಿಡುವ ಯೋಚನೆ ನನ್ನದು. ಮುನ್ನೂರು ಕಿಲೋಮೀಟರಿಗೂ ಮೇಲಿನ ದಾರಿ ಮುಗಿಸಿ ಟ್ರ್ಯಾಕ್ ಮುಟ್ಟಿದಾಗ ಮಧ್ಯಾಹ್ನವಾಗಿತ್ತು.

ನಮ್ಮ ರೇಸಿನಲ್ಲಿ ಕಾರು ಮತ್ತು ಓಡಿಸುವವನು ಸೇರಿ ಇಂತಿಷ್ಟು ತೂಕ ಇರಲೇಬೇಕು. ಕಡಿಮೆ ಬಿದ್ದರೆ ಸೀಟಿನ ಕೆಳಗೆ ಸೀಸದ ಪಟ್ಟಿ ಬಿಗಿಯುತ್ತಾರೆ. ಶುಕ್ರವಾರ ಸಂಜೆ ನನ್ನನ್ನು ಕಾರಿನೊಳಗೆ ಕೂರಿಸಿ, ಆ ಪೊಂಗಲ್ ದೋಸೆಯ ಸಮೇತ ತೂಗಿ, ಎರಡು ಕೇಜಿ ಹೆಚ್ಚೇ ಇರುವಂತೆ ಮುನಿರಾಜಣ್ಣ ಪಟ್ಟಿ ಬಿಗಿದ.

ಶನಿವಾರ ಹಣೆಗೆ ನಾಮ ಎಳೆದುಕೊಂಡು ಅದರ ಮೇಲೆ ಹೆಲ್ಮೆಟ್ ಹಾಕಿದೆ. ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ ಎಂದು ತೀರ್ಮಾನವಾಗುವ ಓಟ ಅವತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಉದ್ದನೆಯ ನೇರ ದಾರಿಯ ಕೊನೆಯ ತಿರುವಿನಲ್ಲಿ ಬ್ರೇಕ್ ಒತ್ತುವುದು ತಡವಾಗಿ ಕಾರು ಮಣ್ಣಿಗೆ ಇಳಿಯಿತು. ಹತ್ತನೆಯ ಜಾಗ ಸಿಕ್ಕಿತು. ಯಜಮಾನರು ಹತ್ತಿರ ಬರಲೇ ಇಲ್ಲ, ದೂರದಿಂದಲೇ ಗಡಿಯಾರ ನೋಡಿಕೊಂಡು ಹೋದರು.

ಸಂಜೆ ಮುನಿರಾಜಣ್ಣ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. "ಹತ್ತರಿಂದ ಮೂರಕ್ಕೆ ಬರ್ಬೇಕು ಅಂದ್ರೆ ಇಂಗೆ ಬಿಟ್ರೆ ಆಗಲ್ಲ ಮಗಾ. ಎರಡು ಕೇಜಿ ಸೀಸ ಸುಮ್ನೆ ಯಾಕೆ ಒರ್ಬೇಕು?" ಅಂದ.

"ತೆಗಿ ಅಣ್ಣ" ಅಂದೆ.

ತೆಗೆದ. ಇನ್ನೊಂದು ಸಲ ತೂಗೋಣವೆಂದರೆ ತೂಕದ ಯಂತ್ರದ ಮುಂದೆ ಏಳೆಂಟು ಕಾರು ಸಾಲುಗಟ್ಟಿದ್ದವು. ನಿನ್ನೆಯ ಲೆಕ್ಕ ಇದೆಯಲ್ಲ ಎಂದುಕೊಂಡೆವು. ಇಬ್ಬರೂ ಬೆಳಗಿನಿಂದ ನೀರು ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ. ನಿನ್ನೆ ತೂಗಿದ್ದು ಹೊಟ್ಟೆ ತುಂಬಿದವನನ್ನು, ನಾಳೆ ಕೂರುವವನು ಹಸಿದವನು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗೋವಿಂದ ಎಂದು ಒಂದು ಲೋಟ ಹಾಲು, ಒಂದು ಬಾಳೆಹಣ್ಣು ತೆಗೆದುಕೊಂಡು ಮಲಗಿದೆವು.

ಭಾನುವಾರ ನಾನು ಓಡಿಸಿದ ಹಾಗೆ ಯಾವತ್ತೂ ಓಡಿಸಿರಲಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಮೊದಲ ಸುತ್ತಿನಲ್ಲೇ ಮೂರು ಕಾರು ಹಿಂದೆ ಬಿದ್ದವು. ಆಮೇಲೆ ಒಬ್ಬೊಬ್ಬರನ್ನೇ ಹಿಡಿದೆ. ಕೈಗವಸು ಹಿಂಡುವಷ್ಟು ಬೆವರು. ಕೊನೆಯ ಸುತ್ತಿನಲ್ಲಿ, ಹಿಂದಿನ ದಿನ ಮಣ್ಣಿಗಿಳಿದ ಅದೇ ತಿರುವಿನಲ್ಲಿ ನಾಲ್ಕನೆಯವನಾಗಿದ್ದವನು ಮೂರನೆಯವನಾದೆ. ಬೇಲಿಯ ಆಚೆ ಮುನಿರಾಜಣ್ಣ ಟವೆಲ್ ಬೀಸಿಕೊಂಡು ಕುಣಿಯುತ್ತಿದ್ದ. ಯಜಮಾನರೂ ಕೈ ಎತ್ತಿದರು.

ಓಟ ಮುಗಿದ ಮೇಲೆ ಮೊದಲು ಬಂದವರನ್ನು ನೇರವಾಗಿ ತೂಕಕ್ಕೆ ಕರೆದೊಯ್ಯುತ್ತಾರೆ. ಅಲ್ಲಿಯವರೆಗೆ ಒಂದು ಗುಟುಕು ನೀರೂ ಕುಡಿಯುವಂತಿಲ್ಲ. ಯಂತ್ರದ ಅಂಕಿ ನೋಡಿದ ಅಧಿಕಾರಿ ಇನ್ನೊಮ್ಮೆ ತೂಗಿಸಿದ. ಮುಕ್ಕಾಲು ಕೇಜಿ ಕಮ್ಮಿ.

"ಸಾರಿ ಬ್ರದರ್, ರೂಲ್ಸ್" ಅಂದ. ಗೆದ್ದವರ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನಗೆ ತುತ್ತು ತಿನ್ನದೇ ಇದ್ದದ್ದೇ ಮುಳುವಾಯಿತು.

ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. "ಆ ಹುಡುಗನಿಗೆ ಹೇಳ್ಬಿಟ್ಟೆ ಕಣಪ್ಪ. ಬೇಜಾರ್ ಮಾಡ್ಕೋಬೇಡ" ಎಂದು ಬೆನ್ನು ತಟ್ಟಿ ಕಾರು ಹತ್ತಿದರು.

ಸೋಮವಾರ ವಾಪಸು ಹೊರಟೆವು. ಆಂಬೂರಿನಲ್ಲಿ ಈ ಸಲ ಗಾಜು ಏರಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ಕೃಷ್ಣಗಿರಿ ಟೋಲಿನಲ್ಲಿ ಮುನಿರಾಜಣ್ಣ ಬಾಯಿ ಬಿಟ್ಟ. "ಅಸ್ಕೊಂಡಿದ್ದು ನೀನು, ಸೀಸ ತೆಗ್ದಿದ್ದು ನಾನು. ಯಾರ್ನ ಅಂತ ಬಯ್ಯಾದು?" ನನಗೆ ಬಯ್ಯಲು ಜನ ಸಿಕ್ಕಿದ್ದರು. ಹೊಸೂರಿನವರೆಗೂ ಮನಸ್ಸಿನಲ್ಲಿ ಅಮ್ಮನನ್ನೂ, ಅವಳ ತಿಮ್ಮಪ್ಪನನ್ನೂ ಬಯ್ಯುತ್ತಲೇ ಬಂದೆ. ಮನೆಗೆ ಹೋದ ತಕ್ಷಣ ಎಲ್ಲ ಹೇಳಿಬಿಡಬೇಕು ಎಂದುಕೊಂಡೆ.

ಕೋಗಿಲಿಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪನಿಗೆ ಸುದ್ದಿ ಆಗಲೇ ಫೋನಿನಲ್ಲಿ ಮುಟ್ಟಿತ್ತು. ಅವಳ ಕಣ್ಣು ಊದಿದ್ದವು.

"ಶನಿವಾರ ಉಪವಾಸ ಸರಿಯಾಗಿ ಇದ್ಯೇನೋ?"

"ಇದ್ದೆ ಅಮ್ಮ."

"ಮಧ್ಯದಲ್ಲಿ ಏನೂ ಬಾಯಿಗ್ ಹಾಕ್ಕೊಂಡಿಲ್ಲ ತಾನೆ?"

"ಇಲ್ಲ."

"ಮತ್ತೆ ಯಾಕೋ ಹಿಂಗಾಯ್ತು?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. "ಅಲ್ಲಿ ತೂಕದ ಯಂತ್ರಾನೇ ಸರಿ ಇರ್ಲಿಲ್ಲ ಅಮ್ಮ" ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ ಬಿಡು. ಬರೋ ಶನಿವಾರ ಪಡಿಗೆ ಹೋಗೋವಂತೆ. ಈ ಸಲ ಮನೇಲೇ ಇರ್ತೀಯಲ್ಲ?"

"ಇರ್ತೀನಿ ಅಮ್ಮ" ಅಂದೆ. "ಇನ್ಮೇಲೆ ಎಲ್ಲಾ ಶನಿವಾರನೂ ಮನೇಲೇ ಇರ್ತೀನಿ."