ಒಂಟಿ ಮನೆಗಳನ್ನು ಲೆಕ್ಕಕ್ಕೆ ತಂದವರು

ಬಡತನವನ್ನು ಅಳೆಯುವ ಶಾಸ್ತ್ರದಲ್ಲಿ ಸೂತ್ರಗಳನ್ನು ಬಲ್ಲ ವಿದ್ವಾಂಸರು ಅನೇಕರಿದ್ದಾರೆ; ಆದರೆ ತಾವೇ ಕಟ್ಟಿದ ಸೂತ್ರದ ತಪ್ಪನ್ನು ತಾವೇ ಹುಡುಕಿ, ಅದನ್ನು ಲೋಕದ ಮುಂದೆ ತೆರೆದಿಟ್ಟವರು ವಿರಳ. ಈ ತಿಂಗಳು ನಮ್ಮ ಸಮೀಕ್ಷಾ ಕಚೇರಿಯಿಂದ ನಿವೃತ್ತರಾಗುತ್ತಿರುವ ಹಿರಿಯ ಸಂಶೋಧಕಿ ಅಂಥವರು. ಕಚೇರಿಯಲ್ಲಿ ಅವರು 'ನಮೂನೆ ಮೇಡಂ' ಎಂದೇ ಪರಿಚಿತರು. ಸಮೀಕ್ಷೆಯ ನಮೂನೆಗಳನ್ನು ರೂಪಿಸುತ್ತಿದ್ದುದು ಅದಕ್ಕೊಂದು ಕಾರಣ. "ಅವರೇ ಒಂದು ನಮೂನೆ ಬಿಡಿ" ಎಂದು ಬೆನ್ನ ಹಿಂದೆ ನಗುತ್ತಿದ್ದುದು ಇನ್ನೊಂದು. ಎರಡೂ ಅವರಿಗೆ ಗೊತ್ತಿತ್ತು.

ಮನೆಮನೆ ತಿರುಗುವ ಗಣತಿದಾರರಾಗಿ ಸೇರಿದ ಅವರು ಮೂವತ್ತೆರಡು ವರ್ಷಗಳಲ್ಲಿ ವಿಭಾಗದ ಹೊಣೆ ಹೊರುವ ಎತ್ತರಕ್ಕೆ ಏರಿದರೂ ಮೆಟ್ಟಿಲು ಹತ್ತುವುದನ್ನು ಬಿಡಲಿಲ್ಲ. ದತ್ತಾಂಶ ತುಂಬುವ ಸಹಾಯಕಿ ಕೈ ಮುರಿದುಕೊಂಡ ವರ್ಷ, ಆಕೆಯ ಪಾಲಿನ ನಾನೂರು ನಮೂನೆಗಳನ್ನು ತಾವೇ ತುಂಬಿ, ಕೆಳಗೆ ಆಕೆಯ ಹೆಸರನ್ನೇ ಬರೆದರು. ಆಕೆ ಕೇಳಿದಾಗ, "ನಿನ್ನ ಕೈಬರಹವೂ ನನ್ನದರಷ್ಟೇ ಕೆಟ್ಟದಾಗಿದೆಯಲ್ಲ, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲವೋ ಏನೋ," ಎಂದು ಮಾತು ಹಾರಿಸಿದರು.

ಅವರ ಬಾಳಿನ ದೊಡ್ಡ ಕೆಲಸ ಶುರುವಾದದ್ದು ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಎದುರುಬದುರು ಕುಳಿತ, ಅವರು 'ಅಣ್ಣ' ಎಂದೇ ಕರೆಯುತ್ತಿದ್ದ ಸಹೋದ್ಯೋಗಿಯೊಂದಿಗೆ. ಎಷ್ಟು ದುಡಿಯುತ್ತೀರಿ ಎಂದು ಕೇಳುವುದರ ಬದಲು, ಏನೇನಿಲ್ಲದೆ ದಿನ ದೂಡಿದಿರಿ ಎಂದು ಕೇಳಿ ಬಡತನವನ್ನು ಅಳೆಯುವ ಪ್ರಯೋಗವದು. ಅದರ ಜೀವಾಳ ಅಣ್ಣ ಬರೆದ ಪ್ರಶ್ನೆ: 'ಮನೆಯಲ್ಲಿ ಇನ್ನೊಬ್ಬರಿಗೆ ಸಾಲಲಿ ಎಂದು ನೀವು ಊಟ ಬಿಟ್ಟದ್ದುಂಟೇ?' ಏಳು ವರ್ಷ ಬೆವರು ಸುರಿಸಿದ ಮೇಲೆ, ಸಂಶೋಧಕರೆಲ್ಲ ತಮ್ಮ ಅಂಕಿಅಂಶಗಳನ್ನು ಪರಸ್ಪರ ತೆರೆದಿಡುವ ಹಂಚಿಕೆಯ ವೇದಿಕೆಗೆ ಅದನ್ನು ಸಲ್ಲಿಸುವ ದಿನ ಹತ್ತಿರವಾಯಿತು.

ಸಲ್ಲಿಸುವ ಮುನ್ನ ಮೂಲ ಉತ್ತರಗಳನ್ನೆಲ್ಲ ಮತ್ತೊಮ್ಮೆ ನೋಡುತ್ತಿದ್ದಾಗ ಮೇಡಂ ಅವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಒಬ್ಬರೇ ವಾಸಿಸುವ ಮನೆಗಳಲ್ಲಿ ಒಂದೂ ಬಡವರ ಪಟ್ಟಿಗೆ ಬಂದಿರಲಿಲ್ಲ. ಮರುದಿನವೇ ಚೀಲ ಹೆಗಲಿಗೇರಿಸಿ ಅಂಥ ಮನೆಗಳನ್ನು ಹುಡುಕಿಕೊಂಡು ಹೊರಟರು. ಮೂರನೆಯ ಮಹಡಿಯ ಕಿರುಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ಯಂತ್ರ ನಿಲ್ಲಿಸದೆಯೇ ಹೇಳಿದಳು: "ಊಟ ಬಿಡ್ತೀನಕ್ಕ, ವಾರಕ್ಕೆ ಮೂರು ದಿನ. ಆದ್ರೆ ನೀವು ಕೇಳಿದ್ದು ಇನ್ನೊಬ್ಬರಿಗೋಸ್ಕರ ಬಿಟ್ರಾ ಅಂತ. ನಾನು ಯಾರಿಗೋಸ್ಕರ ಬಿಡ್ಲಿ? ಇಲ್ಲ ಅಂತ ಬರೆಸ್ದೆ."

ಮೇಡಂ ಅವರ ಪೆನ್ನು ಅಲ್ಲೇ ನಿಂತಿತು. ತಮ್ಮ ಮನೆಯಲ್ಲೂ ಬೀಗ ತೆಗೆಯುವವರು ತಾವೊಬ್ಬರೇ. ಹಾಗಿದ್ದೂ ಏಳು ವರ್ಷ ಇದು ತಮಗೇಕೆ ಹೊಳೆಯಲಿಲ್ಲ ಎಂದು ಮೆಟ್ಟಿಲಿಳಿಯುವಾಗ ಅವರಿಗೆ ನಾಚಿಕೆಯಾಯಿತು.

ಈ ದೋಷವನ್ನು ಬರೆದೇ ಸಲ್ಲಿಸೋಣವೆಂದರೆ ಅಣ್ಣ ಒಪ್ಪಲಿಲ್ಲ. "ನೋಡಮ್ಮಾ, ಮೊದಲು ಸಲ್ಲಿಸೋಣ, ಆಮೇಲೆ ನಿಧಾನಕ್ಕೆ ತಿದ್ದೋಣ. ಒಂಟಿ ಮನೆಗಳನ್ನ ಸದ್ಯಕ್ಕೆ ಪಕ್ಕಕ್ಕಿಡು."

"ಅವರನ್ನ ಎಲ್ಲರೂ ಪಕ್ಕಕ್ಕೇ ಇಟ್ಟಿದ್ದಾರೆ, ಅಣ್ಣ. ನಾವೂ ಇಡೋದು ಬೇಡ."

"ಹಾಗಾದ್ರೆ ನನ್ನ ಹೆಸರು ತೆಗೆದುಬಿಡು."

ಅವರು ತೆಗೆದರು. ಒಂದು ಉತ್ತರವನ್ನೂ ಕೈಬಿಡದೆ, ದೋಷವನ್ನು ಮೊದಲ ಪುಟದಲ್ಲೇ ಬರೆದು, ಒಬ್ಬರೇ ಸಹಿ ಹಾಕಿ ಸಲ್ಲಿಸಿದರು. ಅಣ್ಣ ತಮ್ಮ ಮೇಜನ್ನು ಬೇರೆ ಕೋಣೆಗೆ ಸಾಗಿಸಿಕೊಂಡರು. ಖಾಲಿಯಾದ ಆ ಜಾಗದಲ್ಲಿ ನೆಲದ ಬಣ್ಣವೇ ಬೇರೆಯಾಗಿತ್ತು; ಅದನ್ನು ಮುಚ್ಚಲೆಂದು ಮೇಡಂ ಅಲ್ಲಿ ಕಡತಗಳನ್ನು ಪೇರಿಸಿದರು. ಕಚೇರಿಗೆ ಕಳಂಕ ತಂದರೆಂಬ ಗುಸುಗುಸು ಹಬ್ಬಿತು. ಮೊದಲ ವರ್ಷ ವೇದಿಕೆಯಲ್ಲಿ ಅವರ ಕೃತಿಯನ್ನು ಯಾರಾದರೂ ತೆರೆದು ನೋಡಿದ್ದು ಒಟ್ಟು ಹನ್ನೊಂದು ಸಲ; ಅದರಲ್ಲಿ ನಾಲ್ಕು ಸಲ ತೆರೆದದ್ದು ತಾವೇ ಎಂದು ಅವರೇ ಒಮ್ಮೆ ನಕ್ಕು ಹೇಳಿದ್ದುಂಟು.

ಅವರು ಪ್ರಶ್ನೆಯನ್ನು ತಿದ್ದಿ, ಬೀದಿಬೀದಿ ಅಲೆದು, ಮತ್ತೆ ಸಲ್ಲಿಸಿದರು. ನಾಲ್ಕನೆಯ ವರ್ಷ ನೆರವಿನ ಪಟ್ಟಿ ತಯಾರಿಸುವ ಇಲಾಖೆ ಆ ತಿದ್ದಿದ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಒಂಟಿ ಮನೆಗಳು ಮೊದಲ ಬಾರಿಗೆ ಲೆಕ್ಕಕ್ಕೆ ಬಂದವು. ಸುದ್ದಿ ತಿಳಿದ ದಿನ ಅವರು ಎಂದಿನಂತೆ ಕಿಟಕಿಯ ಪಕ್ಕ ಒಬ್ಬರೇ ಕುಳಿತು ಊಟ ಮುಗಿಸಿ, ಡಬ್ಬಿ ತೊಳೆದಿಟ್ಟು, ಕೆಲಸಕ್ಕೆ ಕುಳಿತರು. ಅಣ್ಣ ಬಾಗಿಲವರೆಗೆ ಬಂದು, ಒಳಗೆ ಬಾರದೆ ಹಿಂದಿರುಗಿದರು. ಮರುವರ್ಷ ಅಣ್ಣ ನಿವೃತ್ತರಾಗುವವರೆಗೂ ಅವರಿಬ್ಬರ ನಡುವೆ ಮಾತು ಹುಟ್ಟಲೇ ಇಲ್ಲ.

ಅಭಿನಂದನ ಗ್ರಂಥದಲ್ಲಿ ಹೊಗಳಿಕೆಗೆ ಮಾತ್ರ ಜಾಗವಿರಬೇಕೆಂಬುದು ರೂಢಿ. ಆದರೂ ಒಂದು ಮಾತನ್ನು ಬರೆಯದೆ ಮುಗಿಸುವಂತಿಲ್ಲ: ಸಲ್ಲಿಕೆಯ ನಂತರದ ಆರು ವರ್ಷ ಅವರ ಶ್ರಮದ ಫಲವನ್ನು ನಾವೆಲ್ಲ ವರದಿಗಳಲ್ಲಿ ಬಳಸಿಕೊಂಡೆವು, ನಮ್ಮಲ್ಲೊಬ್ಬರೂ ಊಟದ ಹೊತ್ತಿಗೆ ಕುರ್ಚಿ ಎಳೆದುಕೊಂಡು ಅವರ ಎದುರು ಕೂರಲಿಲ್ಲ. ಅವರೆಂದೂ ಕರೆಯಲಿಲ್ಲ ಎನ್ನುವುದು ನಮಗೆ ನೆಪವಾಗಲಾರದು.

ಹೊಸ ಗಣತಿದಾರರಿಗೆ ವಾರಕ್ಕೆರಡು ದಿನ ಪಾಠ ಹೇಳಲು ಅವರು ಒಪ್ಪಿದ್ದಾರೆ. ಅವರ ಆಯಸ್ಸು ಬೆಳೆಯಲಿ, ಕಾಲುಗಳು ಇನ್ನೂ ಬಹಳ ಮಹಡಿಗಳನ್ನು ಹತ್ತಲಿ, ಪೆನ್ನು ಬರೆಯುತ್ತಲೇ ಇರಲಿ. ಪಾಠದ ದಿನ ಮಧ್ಯಾಹ್ನ, ಅವರು ಬೇಡವೆಂದರೂ, ನಾವು ನಮ್ಮ ಡಬ್ಬಿಗಳನ್ನು ತೆಗೆದುಕೊಂಡು ಬರುತ್ತೇವೆ.